ನೀಲವ್ವನ ನಗುವಿನ ತಿದ್ದುಪಡಿ

ಪ್ರಕಾಶನ ನಿಲ್ಲಿಸಿದ ಮೇಲೆಯೇ ನಮ್ಮ ಮನೆಯ ಪಡಸಾಲೆ ಎಷ್ಟು ದೊಡ್ಡದು ಎಂಬುದು ನನಗೆ ಗೊತ್ತಾದದ್ದು. ಇಷ್ಟು ವರ್ಷ ಅಲ್ಲಿ ಪುಸ್ತಕದ ಬಂಡಲುಗಳಿದ್ದವು. ಬಂದವರು ಬಂಡಲಿನ ಮೇಲೆ ಕೂಡುತ್ತಿದ್ದರು, ಚಹಾದ ಕಪ್ಪನ್ನೂ ಬಂಡಲಿನ ಮೇಲೆಯೇ ಇಡುತ್ತಿದ್ದರು. ನಮ್ಮ ಮನೆಯವರು ಬ್ಯಾಂಕಿನಿಂದ ಬಂದು ಅಂಗಿ ತೂಗುಹಾಕುವ ಗೂಟದ ತನಕ ಹೋಗಬೇಕೆಂದರೆ ಅಡ್ಡಡ್ಡ ನಡೆಯಬೇಕಿತ್ತು. ಈಗ ಅಲ್ಲೊಂದು ಮಂಚ ಹಾಕಿಕೊಂಡಿದ್ದೇನೆ. ಮಧ್ಯಾಹ್ನ ಉಂಡು ಅಡ್ಡಾದರೆ ನಿದ್ದೆ ಬರುತ್ತದೆ. ಯಾವ ಪುಟದಲ್ಲಿ ಯಾರ ಹೆಸರು ತಪ್ಪಾಗಿದೆಯೋ, ಯಾವ ಲೇಖಕರು ಮುನಿಸಿಕೊಂಡಿದ್ದಾರೋ ಎಂಬ ಅಂಜಿಕೆ ಇಲ್ಲದ ನಿದ್ದೆ.

ಹೊಸದಾಗಿ ಪ್ರಕಾಶನ ಶುರು ಮಾಡುವ ಹುಡುಗ ಹುಡುಗಿಯರು ಈಗಲೂ ಇಳಕಲ್ಲಿಗೆ ಬಂದು ಕೇಳುತ್ತಾರೆ, "ಅಕ್ಕಾರ, ಹ್ಯಾಂಗ ನಡಸಿದ್ರಿ?" ಅಂತ. ಅವರಿಗೆ ಬೇಕಾದದ್ದು ಮುದ್ರಕರ ವಿಳಾಸ, ಕಾಗದದ ಜಾತಿ, ಅಂಗಡಿಯವರ ಹೆಸರು. ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಆ ಮಾಹಿತಿ ಬರುವ ವರ್ಷಕ್ಕೆ ಹಳೆಯದಾಗುತ್ತದೆ. ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನು ನಿಂತ ನಿಲುವಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪ್ರಕಾಶಕಿಯಾದದ್ದು ಬೇರೆ ದಾರಿ ಇಲ್ಲದೆ. ನನ್ನ ಮೊದಲ ಕಾದಂಬರಿಯನ್ನು ದೊಡ್ಡ ಊರುಗಳ ಪ್ರಕಾಶಕರಿಗೆ ಕಳಿಸಿದ್ದೆ. ಕೆಲವರು ಉತ್ತರ ಬರೆಯಲಿಲ್ಲ. ಒಬ್ಬರು ಮಾತ್ರ ಸೌಜನ್ಯದಿಂದ ಬರೆದರು: ಕಥೆ ಚೆನ್ನಾಗಿದೆ, ಸಂಭಾಷಣೆಯನ್ನು ಎಲ್ಲರಿಗೂ ತಿಳಿಯುವ ಕನ್ನಡಕ್ಕೆ ಬದಲಿಸಿಕೊಡಿ. ಆ ಕಾದಂಬರಿಯಲ್ಲಿ ಒಬ್ಬ ಮುದುಕಿ ದವಾಖಾನೆಯಲ್ಲಿ ಸಾಯುವ ಮುಂಚೆ "ನನ್ನ ಮನಿಗೆ ಒಯ್ರಿ" ಅನ್ನುತ್ತಾಳೆ. ಅದನ್ನು "ನನ್ನನ್ನು ಮನೆಗೆ ಕರೆದುಕೊಂಡು ಹೋಗಿ" ಎಂದು ಬರೆದು ನೋಡಿದೆ. ಆ ಮುದುಕಿ ನಮ್ಮ ಊರಿನವಳೇ ಅಲ್ಲ ಅನ್ನಿಸಿತು. ಹೊಡೆದು ಹಾಕಿ ಮತ್ತೆ ಮೊದಲಿನಂತೆಯೇ ಬರೆದೆ. "ಯಾರಿಗೂ ಬ್ಯಾಡಾದ್ರ ನಾವ ಅಚ್ಚ ಹಾಕಸೋಣು" ಅಂದವರು ನಮ್ಮ ಮನೆಯವರು. ಆ ಮಾತು ಆಡಿ ಅವರು ಎಷ್ಟು ವರ್ಷ ಅಡ್ಡಡ್ಡ ನಡೆಯಬೇಕಾದೀತು ಎಂಬುದು ಅವತ್ತು ಅವರಿಗೆ ಗೊತ್ತಿರಲಿಲ್ಲ.

ಹುಬ್ಬಳ್ಳಿಯ ಒಂದು ಮುದ್ರಣಾಲಯಕ್ಕೆ ಕೊಟ್ಟೆವು. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುವಾತ ಭಾಳ ಒಳ್ಳೆಯ ಮನುಷ್ಯ. ನಾನು ಕರಡು ನೋಡಿ, ಸಹಿ ಮಾಡಿ ಬಂದ ಮೇಲೆ, ಪುಸ್ತಕದ ತುಂಬ 'ಮನಿ, ಮನಿ' ಎಂದಿರುವುದನ್ನು ಕಂಡು ಆತನಿಗೆ ಮರುಕವಾಯಿತಂತೆ. ಪಾಪ, ಅಕ್ಕಾರಿಗೆ ಇಷ್ಟು ತಪ್ಪು ಕಣ್ಣಿಗೆ ಬಿದ್ದಿಲ್ಲ ಎಂದುಕೊಂಡು ಒಂದೇ ಗುಂಡಿ ಒತ್ತಿ 'ಮನಿ' ಎಂದಿದ್ದನ್ನೆಲ್ಲ 'ಮನೆ' ಮಾಡಿಬಿಟ್ಟ. ಪುಸ್ತಕ ಅಚ್ಚಾಗಿ ಬಂತು. ಬಿಚ್ಚಿ ನೋಡಿದರೆ ನಮ್ಮ ನಾಯಕಿ ಎದುರಿಗೆ ಬಂದವನನ್ನು 'ಗಮನೆಸಿದಳು'. ಆಕೆಯ ಅಣ್ಣ ಪುಣೆಯಿಂದ 'ಮನೆಯಾರ್ಡರ್' ಕಳಿಸಿದ. ಮುದುಕಿ ಮಾತ್ರ ಚೊಕ್ಕ ಕನ್ನಡದಲ್ಲಿ ಸತ್ತಳು.

ನಾನು ಬಂಡಲಿನ ಮೇಲೆ ಕೂತು ಅತ್ತೆ. ಒಂದು ವಾರದ ಮೇಲೆ ಹುನಗುಂದದಿಂದ ಒಬ್ಬ ಹಿರಿಯರು ಬಸ್ಸಿನಲ್ಲಿ ಬಂದು, ನಮ್ಮ ಮನೆ ಕೇಳಿಕೊಂಡು ಬಾಗಿಲಿಗೆ ನಿಂತರು. ಕೈಯಲ್ಲಿ ನನ್ನ ಪುಸ್ತಕವಿತ್ತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಜೋಶಿ ಮಾಸ್ತರು. ಒಳಗೆ ಬಂದು ನೀರು ಕುಡಿದು ಕೇಳಿದರು.

"ಇದರ ಕರಡು ಯಾರು ನೋಡಿದ್ರಿ?"

"ನಾನ ನೋಡಿದೆ ರೀ."

"ಬರದವರೂ ನೀವ, ನೋಡಿದವರೂ ನೀವ. ಬರದವರಿಗೆ ತಪ್ಪು ಕಾಣಸೂದಿಲ್ಲ ಸುಮಿತ್ರಾಬಾಯಿ. ತಮ್ಮ ಮನಸಿನ್ಯಾಗ ಇದ್ದದ್ದು ಕಾಣಸ್ತದ. ಮುಂದಿನದು ನನಗ ಕೊಡ್ರಿ."

ಸ್ವತಂತ್ರವಾಗಿ ಕೆಲಸ ಮಾಡುವವರಿಗೆ ಮೇಲಧಿಕಾರಿ ಇರುವುದಿಲ್ಲ ಅನ್ನುತ್ತಾರೆ. ನನಗೆ ಅವತ್ತಿನಿಂದ ಒಬ್ಬರಿದ್ದರು. ಅವರ ಕಾಯ್ದೆ ಎರಡೇ. ಒಂದು, ತಿದ್ದಿ ಕೊಟ್ಟ ಮೇಲೆ ಕೊನೆಯ ಪ್ರತಿಯನ್ನು ಮೊದಲ ಪುಟದಿಂದ ಇನ್ನೊಮ್ಮೆ ಬಾಯಿಬಿಟ್ಟು ಓದಬೇಕು. ಇನ್ನೊಂದು, ಪಾತ್ರಗಳ ಮಾತನ್ನು ಮುಟ್ಟಬಾರದು. ಶುದ್ಧ ವ್ಯಾಕರಣ ಕಲಿಸಿ ಬದುಕಿದ ಮನುಷ್ಯ ಇಂಥ ಕಾಯ್ದೆ ಮಾಡಿದ್ದಾರಲ್ಲ ಎಂದು ನಾನು ಒಮ್ಮೆ ಕೇಳಿದೆ. "ಸಾಲ್ಯಾಗ ಮಾತಾಡೂದು ಬ್ಯಾರೆ, ಮನ್ಯಾಗ ಮಾತಾಡೂದು ಬ್ಯಾರೆ. ಪುಸ್ತಕದಾಗ ಎರಡೂ ಇರಬೇಕಲ್ಲ" ಅಂದರು.

ಪುಸ್ತಕ ಮಾರುವುದಕ್ಕೆ ನಾನು ಮಾಡದ ಉಪಾಯ ಉಳಿದಿಲ್ಲ. ಒಂದು ರಜೆಯಲ್ಲಿ ಬಾದಾಮಿಯ ಗುಹೆಗಳಿಗೆ ಹೋಗುವ ದಾರಿಯಲ್ಲಿ ಚಾಪೆ ಹಾಸಿ ಕೂತಿದ್ದೆ. ಬಂದವರೆಲ್ಲ ಗೈಡ್ ಪುಸ್ತಕ ಕೇಳಿದರು, ನಕ್ಷೆ ಕೇಳಿದರು, ಪಾಯಖಾನೆ ಎಲ್ಲಿ ಅಂತ ಕೇಳಿದರು. ಕಾದಂಬರಿ ಯಾರಿಗೂ ಬೇಡವಾಗಿತ್ತು. ನಾನು ರೊಟ್ಟಿ ಗಂಟು ಬಿಚ್ಚುವ ಹೊತ್ತಿಗೆ ಒಂದು ದೊಡ್ಡ ಮಂಗ ಬಂದು ಪುಸ್ತಕವೊಂದನ್ನು ಎತ್ತಿಕೊಂಡು ಬಂಡೆ ಹತ್ತಿ ಕೂತಿತು. ತಿನ್ನುವ ಸಾಮಾನು ಅಲ್ಲ ಎಂದು ಗೊತ್ತಾದ ಮೇಲೂ ಬಿಡದೆ ಒಂದೊಂದೇ ಹಾಳೆ ತಿರುವಿತು. ಶಾಲೆಯ ಮಕ್ಕಳ ಗುಂಪು ನಿಂತು ನೋಡಿತು. ಅವರ ಸಂಗಡ ಬಂದಿದ್ದ ಮೇಡಂ ಮಂಗನಿಂದಾಗಿ ನನ್ನ ಹತ್ತಿರ ಮಾತಿಗೆ ನಿಂತು, ತಮ್ಮ ಶಾಲೆಗೆ ಪುಸ್ತಕ ತೆಗೆದುಕೊಂಡರು. ಆಮೇಲೆ ಎಷ್ಟೋ ವರ್ಷ ನನ್ನ ಪ್ರತಿಯೊಂದು ಪುಸ್ತಕವನ್ನೂ ತರಿಸಿಕೊಂಡರು. ಒಂದು ಪುಸ್ತಕ ಯಾವ ದಾರಿಯಿಂದ ಓದುಗರ ಕೈ ಸೇರುತ್ತದೆ ಎಂದು ಲೆಕ್ಕ ಹಾಕಲು ಕೂಡಬೇಡಿ.

ಕೆಲಸದ ರೀತಿಯೂ ಕಣ್ಣೆದುರಿಗೇ ಬದಲಾಯಿತು. ಮೊದಲು ಪುಟಗಳನ್ನು ತೆಳು ಹಾಳೆಯ ಮೇಲೆ ತೆಗೆಸಿ, ಸುರುಳಿ ಸುತ್ತಿ, ಕಂಡಕ್ಟರ್ ಕೈಯಲ್ಲಿ ಕೊಟ್ಟು ಹುಬ್ಬಳ್ಳಿಗೆ ಕಳಿಸುತ್ತಿದ್ದೆವು. ಬಸ್ಸು ಹೋಗಿ ಮುಟ್ಟುವ ತನಕ ಜೀವ ಕೈಯಲ್ಲಿ. ಈಗ ಒಂದು ಫೈಲು ಕಳಿಸಿದರೆ ಮುಗಿಯಿತು. ಮೊದಲು ಸಾವಿರ ಪ್ರತಿಗೆ ಕಡಿಮೆ ಯಾರೂ ಅಚ್ಚು ಹಾಕುತ್ತಿರಲಿಲ್ಲ. ಈಗ ಬೇಕಾದಾಗ ಬೇಕಾದಷ್ಟೇ ಹಾಕಿಸಬಹುದು. ಮನೆಯಲ್ಲಿ ಬಂಡಲು ಬೆಳೆಯುವುದಿಲ್ಲ. ಈ ಅನುಕೂಲ ನನಗೆ ಕೊನೆಯ ಕೆಲವು ವರ್ಷ ಸಿಕ್ಕಿತು. ಹೊಸಬರಿಗೆ ಮೊದಲಿನಿಂದಲೇ ಸಿಗುತ್ತಿದೆ ಎಂಬುದು ನನಗೆ ಸಮಾಧಾನದ ಸಂಗತಿ.

ಬೆನ್ನು ನೋವು ಹೆಚ್ಚಾಯಿತು, ಕಣ್ಣಿಗೆ ಸಣ್ಣಕ್ಷರ ಕಾಣದಾಯಿತು. ಉಳಿದ ಪುಸ್ತಕಗಳನ್ನು ಬಾಗಲಕೋಟೆ, ಹುನಗುಂದ ಕಡೆಯ ಕಾಲೇಜುಗಳಿಗೆ, ಹಳ್ಳಿಯ ಗ್ರಂಥಾಲಯಗಳಿಗೆ ಹಂಚಿ ಕೆಲಸ ನಿಲ್ಲಿಸಿದೆ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಆದರೆ ಒಂದು ಪುಸ್ತಕದ ಕಥೆಯನ್ನು ಪೂರ್ತಿ ಹೇಳಬೇಕು. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಅಂಜಿದ್ದು ಆ ಪುಸ್ತಕಕ್ಕೆ.

ಅದು ಬಂದದ್ದು ಫೋನಿನಲ್ಲಿ. ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪಿಗೆ ಉದ್ದುದ್ದ ಬರಹ ಬರತೊಡಗಿತು. ಯಾರೋ ಎಲ್ಲರಿಗೂ ಕಳಿಸುವ ಉಪದೇಶ ಇರಬೇಕು ಎಂದು ಬಿಟ್ಟಿದ್ದೆ. ಒಂದು ದಿನ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಸುಮ್ಮನೆ ತೆರೆದು ನೋಡಿದೆ. ಗುಳೇದಗುಡ್ಡದ ಕುಪ್ಪಸದ ಖಣ ನೇಯುವ ಮನೆಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳು, ನೇಯುವವರು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯ ಪಕ್ಕ ಕೂತು, ರಾಟಿ ತಿರುವಿ, ಕಂಡಿಕೆಗೆ ನೂಲು ಸುತ್ತುವುದನ್ನು ಕಲಿಯುವ ಕಥೆ. ಬರೆದವಳು ತನ್ನದೇ ಕಥೆ ಬರೆದಿದ್ದಾಳೆ ಎಂಬುದು ಎರಡನೆಯ ಸಾಲಿಗೆ ಗೊತ್ತಾಯಿತು. ಇಳಕಲ್ಲಿನ ಬಸ್ಸು ಬಂದು ಹೋಯಿತು, ನಾನು ಏಳಲಿಲ್ಲ.

ಆಕೆಯ ಹೆಸರು ಶಶಿಕಲಾ. ತವರು ಶಿರೂರು. ಬಿ.ಎ. ಮಾಡಿ ಶಿಕ್ಷಕಿಯ ತರಬೇತಿ ಮುಗಿಸಿದವಳು. ಗಂಡ ಮಲ್ಲೇಶ, ಅತ್ತೆ ನೀಲವ್ವ. ಶಶಿಕಲಾ ರಾಟಿಯ ಮುಂದೆ ಕೂತಾಗ ಬಿಡುವು ಸಿಕ್ಕಷ್ಟು ಫೋನಿನಲ್ಲಿ ಬೆರಳಿನಿಂದ ಬರೆದು ನನಗೆ ಕಳಿಸಿದ್ದಳು. ಅದೇ 'ಕುಣಿಯಂಚಿಗೆ ಕುಂತು' ಎಂಬ ಪುಸ್ತಕವಾಯಿತು. ಹೆಸರುಗಳನ್ನು ಬದಲಿಸಿದ್ದಳು. ಆದರೂ ನಾನು ಕೇಳಿದೆ.

"ಮನ್ಯಾಗ ಗೊತ್ತೈತೇನವಾ?"

"ನಮ್ಮ ಮನಿಯವ್ರಿಗೆ ಗೊತ್ತೈತ್ರಿ. ನಮ್ಮ ಅತ್ತಿಯವ್ರಿಗೆ ಓದಾಕ ಬರೂದಿಲ್ರಿ, ಅಕ್ಕಾರ."

ಕರಡು ನೋಡುತ್ತಿದ್ದ ಜೋಶಿ ಮಾಸ್ತರು ಕನ್ನಡಕದ ಮೇಲಿನಿಂದ ನನ್ನ ಕಡೆ ನೋಡಿದರು. "ಓದಲಿಕ್ಕೆ ಬರೂದಿಲ್ಲಂದ್ರೇನು, ಕೇಳಲಿಕ್ಕೆ ಬರ್ತದಲ್ಲ" ಅಂದರು. ನಾವು ಅಷ್ಟಕ್ಕೇ ಬಿಟ್ಟೆವು. ಪುಸ್ತಕ ಅಷ್ಟು ಚೆನ್ನಾಗಿತ್ತು.

ಅದರಲ್ಲಿ ಒಂದು ಅಧ್ಯಾಯ ಓದಿದವರೆಲ್ಲರ ಮನಸ್ಸಿನಲ್ಲಿ ನಿಂತಿತು. ಶಶಿಕಲಾಗೆ ಬಾಗಲಕೋಟೆಯಿಂದ ಶಿಕ್ಷಕಿಯ ಕೆಲಸಕ್ಕೆ ಸಂದರ್ಶನಕ್ಕೆ ಕರೆ ಬರುತ್ತದೆ. ಸೀರೆ ಉಟ್ಟು, ಚೀಲ ಹಿಡಿದು ಹೊರಡುತ್ತಾಳೆ. ಅತ್ತೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ, ಮಾತಾಡುವುದಿಲ್ಲ, ಸರಿಯುವುದೂ ಇಲ್ಲ. ಬಸ್ಸಿನ ಹೊತ್ತು ಮೀರುತ್ತದೆ. ಶಶಿಕಲಾ ಅಳತೊಡಗುತ್ತಾಳೆ. ಅಲ್ಲಿ ಈ ಸಾಲು ಇತ್ತು: "ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಮತ್ತೆ ಯಾವ ಬಾಗಿಲಲ್ಲಿ ನಿಂತರೂ ಆ ನಗು ನನಗಿಂತ ಮುಂಚೆ ಅಲ್ಲಿ ನಿಂತಿರುತ್ತದೆ."

ಪುಸ್ತಕ ಬಂದ ಕೆಲವು ತಿಂಗಳಿಗೆ ಬಾಗಲಕೋಟೆಯ ಒಂದು ಮಹಿಳಾ ಕಾಲೇಜಿನಲ್ಲಿ ಶಶಿಕಲಾಳನ್ನು ಕರೆದರು. ಒಬ್ಬ ವಿದ್ಯಾರ್ಥಿನಿ ಎದ್ದು ಆ ಅಧ್ಯಾಯವನ್ನೇ ಓದಿದಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಎಲ್ಲ ಕಡೆ ಕಳಿಸಿದರು. ಅದು ಗುಳೇದಗುಡ್ಡಕ್ಕೂ ಹೋಯಿತು. ಹೆಸರು ಬದಲಿಸಿದರೇನು, ಓಣಿಯವರಿಗೆ ಮನೆ ಯಾವುದೆಂದು ತಿಳಿಯದೇ?

ಮಲ್ಲೇಶನ ಫೋನು ಬಂದಾಗ ನಾನು ಅಡಿಗೆಮನೆಯಲ್ಲಿದ್ದೆ. ಆತನ ದನಿ ಸಣ್ಣದಾಗಿತ್ತು.

"ಅಕ್ಕಾರ, ಶಶಿ ಶಿರೂರಿಗೆ ಹೋಗ್ಯಾಳ್ರಿ."

"ಯಾಕ? ನಿಮ್ಮವ್ವ ಏನಾರ ಅಂದ್ರೇನು?"

"ಅವ್ವ ಏನೂ ಅಂದಿಲ್ರಿ. ಏನೂ ಅನವಲ್ಲಳು ಅಂತನ ಅಂಜಿ ಹೋದ್ಲು. ಈಗ ಅವ್ವ ನಿಮ್ಮನ್ನ ಕರಸು ಅನ್ನಾಕತ್ತಾಳ. ಪುಸ್ತಕ ಮಾಡಿದಾಕಿ ಬರ್ಲಿ ಅಂತಾಳ."

ಒಲೆ ಆರಿಸಿ ಹಾಗೇ ಕೂತೆ. ಒಂದು ಪುಸ್ತಕಕ್ಕಾಗಿ ಒಬ್ಬ ಹೆಣ್ಣುಮಗಳ ಸಂಸಾರ ಒಡೆದೆನಲ್ಲ ಎಂಬ ಯೋಚನೆ ಬಿಟ್ಟರೆ ಬೇರೇನೂ ತಲೆಯಲ್ಲಿ ಇರಲಿಲ್ಲ. ಉಳಿದ ಪ್ರತಿಗಳನ್ನೆಲ್ಲ ಸುಟ್ಟುಬಿಡೋಣ ಅಂತಲೂ ಬಂತು. ಸಂಜೆ ನಮ್ಮ ಮನೆಯವರು ಎಲ್ಲ ಕೇಳಿಕೊಂಡು, "ಇದು ಫೋನಿನ್ಯಾಗ ಮುಗಿಯೂ ಮಾತಲ್ಲ. ಹೋಗಿ ಬಾ" ಅಂದರು. ಮಾಸ್ತರಿಗೆ ಹೇಳಿದೆ. ಅವರು ಹಿಂದೆ ಎಚ್ಚರಿಸಿದ್ದನ್ನು ಎತ್ತಿ ಆಡಲಿಲ್ಲ. "ನಾನೂ ಬರ್ತೇನಿ. ಕರಡು ನೋಡಿದವ ನಾ" ಅಂದರು.

ಮರುದಿನ ಮಾಸ್ತರು ಹುನಗುಂದದಲ್ಲಿ ನನ್ನ ಬಸ್ಸನ್ನೇ ಹತ್ತಿದರು. ಅಮೀನಗಡದಲ್ಲಿ ಇಳಿದು ಕರದಂಟು ಕೊಂಡೆ. ಯಾರದೋ ಮನೆಯ ಬೈಗುಳ ತಿನ್ನಲು ಹೋಗುವವರು ಸಿಹಿ ಒಯ್ಯುತ್ತಾರೋ ಇಲ್ಲವೋ ಗೊತ್ತಿರಲಿಲ್ಲ, ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ.

ಮಲ್ಲೇಶ ಬಸ್ ಸ್ಟ್ಯಾಂಡಿಗೆ ಬಂದು ಕರೆದೊಯ್ದ. ಓಣಿಯ ತುಂಬ ಮಗ್ಗದ ಸಪ್ಪಳ. ಅವರ ಮನೆಯ ಮಗ್ಗ ಮಾತ್ರ ನಿಂತಿತ್ತು. ನೀಲವ್ವ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಎತ್ತರದ ಹೆಂಗಸು, ಬೆಳ್ಳಗಾದ ತಲೆ, ಹಣೆಯ ತುಂಬ ವಿಭೂತಿ. ನಾವು ಒಳಗೆ ಹೋದಾಗ ಕೈ ನಿಲ್ಲಿಸಲಿಲ್ಲ.

"ಕುಂಡ್ರಿ" ಅಂದಳು. ಕುಳಿತೆವು. ನೀರು ಬಂತು, ಕುಡಿದೆವು. ಕರದಂಟಿನ ಪೊಟ್ಟಣ ನನ್ನ ತೊಡೆಯ ಮೇಲೆಯೇ ಇತ್ತು.

"ನೀ ಏನ ಪುಸ್ತಕ ಮಾಡಿದಾಕಿ?"

"ಹೌದ್ರಿ, ಅವ್ವಾರ."

"ಇವರ್ಯಾರು?"

"ನಮ್ಮ ಮಾಸ್ತರ್ರಿ. ತಪ್ಪು ಇದ್ರ ತಿದ್ದತಾರ್ರಿ."

ನೀಲವ್ವ ರಾಟಿ ನಿಲ್ಲಿಸಿದಳು. ಗೂಡಿನಲ್ಲಿದ್ದ ಪುಸ್ತಕ ತೆಗೆದು ಮಾಸ್ತರ ಮುಂದೆ ಇಟ್ಟಳು. "ಮಂದಿ ಬಾಯಾಗ ಕೇಳಿ ಸಾಕಾಗೈತಿ. ಹಾಳ್ಯಾಗ ಏನ ಐತೋ ಅದನ್ನ ಓದ್ರಿ. ಬಾಗಲದ ಕತಿ ಓದ್ರಿ."

ಮಾಸ್ತರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಕನ್ನಡಕ ಒರೆಸಿಕೊಂಡು ಓದತೊಡಗಿದರು. ವರ್ಷಗಟ್ಟಲೆ ತರಗತಿಯಲ್ಲಿ ಓದಿ ಪಳಗಿದ ದನಿ ಅವರದು. ಅವತ್ತು ಅದು ಎರಡು ಕಡೆ ತಡವರಿಸಿತು. ಬಾಗಿಲಿಗೆ ಅಡ್ಡ ನಿಂತ ಅತ್ತೆಯ ವರ್ಣನೆ ಬಂದಾಗ ಒಂದು ಸಾಲು ದಾಟಿಸಲು ನೋಡಿದರು.

"ಬಿಡಬ್ಯಾಡ್ರಿ. ನಡುವ ಒಂದೀಟು ಬಿಟ್ರಿ ನೀವು" ಅಂದಳು ನೀಲವ್ವ.

ಬಿಟ್ಟ ಸಾಲನ್ನೂ ಓದಿದರು. ಕೊನೆಗೆ ಸೆರಗು ಬಾಯಿಗೆ ಹಿಡಿದು ನಕ್ಕ ಸಾಲು ಬಂತು, ಅಧ್ಯಾಯ ಮುಗಿಯಿತು. ಮಲ್ಲೇಶ ಕಂಬಕ್ಕೆ ಒರಗಿ ನಿಂತಿದ್ದ. ಮಗ್ಗದ ಸಪ್ಪಳ ಪಕ್ಕದ ಮನೆಯಿಂದ ಕೇಳುತ್ತಿತ್ತು.

"ಆ ಕಡೀ ಸಾಲ ಇನ್ನೊಮ್ಮಿ ಓದ್ರಿ. ನಕ್ಕದ್ದು."

ಮಾಸ್ತರು ಓದಿದರು.

"ಅದು ಸುಳ್ಳ ಐತಿ."

ನಾನು ಏನೋ ಹೇಳಲು ಬಾಯಿ ತೆರೆದೆ. ಆಕೆ ಕೈ ಎತ್ತಿ ತಡೆದಳು.

"ಬಾಗಲ ಕಟ್ಟಿ ನಿಂತದ್ದು ಖರೆ. ಆಕಿ ನೌಕರಿಗೆ ಹೋದ್ರ ಕಂಡಿಕಿ ಯಾರ ಸುತ್ತತಿದ್ರು? ನಮ್ಮ ಯಜಮಾನ್ರು ಹಾಸಿಗಿ ಹಿಡದಿದ್ರು. ತಡದೇನಿ. ಮಾಡಿದ್ದನ್ನ ಬರದಾಳ, ಅದನ್ನ ತಗೀಬ್ಯಾಡ್ರಿ. ಆದ್ರ ನಾ ನಕ್ಕಿಲ್ಲ. ಹಿಂದಿನ ದಿನ ಯಜಮಾನ್ರ ಔಷಧಿಗಂತ ಹೋದಾಕಿ ಬಾಗಲಕೋಟಿ ದವಾಖಾನ್ಯಾಗ ದವಡಿ ಹಲ್ಲ ಕೀಳಿಸಿಕೊಂಡ ಬಂದಿದ್ದೆ, ಮನ್ಯಾಗ ಯಾರಿಗೂ ಹೇಳಿರಲಿಲ್ಲ. ಬಾಯಾಗ ಹತ್ತಿ ತುಂಬಿದ್ರು. ಮಾತಾಡಿದ್ರ ರಕ್ತ ಬರತಿತ್ತು. ಅದಕ ಸೆರಗ ಹಿಡಕೊಂಡಿದ್ದೆ. ನೋಡ ಇಲ್ಲಿ."

ತುಟಿಯ ಮೂಲೆಯನ್ನು ಬೆರಳಿನಿಂದ ಎಳೆದು ಬಾಯಿ ತೆರೆದು ತೋರಿಸಿದಳು. ಎಡಗಡೆ ಮೇಲೆ ಎರಡು ಹಲ್ಲಿನ ಜಾಗ ಖಾಲಿ ಇತ್ತು. ನನಗೆ ತೋರಿಸಿದ ಮೇಲೆ ಮಾಸ್ತರ ಕಡೆ ತಿರುಗಿ ಅವರಿಗೂ ತೋರಿಸಿದಳು. ಮಾಸ್ತರು ದಂತವೈದ್ಯರಂತೆ ಬಗ್ಗಿ ನೋಡಿ, "ಹೌದ್ರಿ, ಇಲ್ಲ" ಅಂದರು.

"ನೀರ ತುಂಬೂ ನಳದ ಮುಂದ ಮಂದಿ ಏನಂತಾರ ಗೊತ್ತೈತೇನು? ಸೊಸಿ ಅಳಾಕತ್ತಿದ್ರ ನಿಂತ ನಕ್ಕಾಕಿ ಅಂತಾರ. ಬಾಗಲ ಕಟ್ಟಿದಾಕಿ ಅಂದ್ರ ಅನ್ಲಿ. ಈ ಓಣ್ಯಾಗ ಬಾಗಲ ಕಟ್ಟದ ಅತ್ತಿ ಯಾರದಾರ? ಅಳೂ ಮುಖ ನೋಡಿ ನಗುವಂಥಾಕಿ ನಾ ಅಲ್ಲ."

ನನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಪುಸ್ತಕ ಸುಡಿರಿ ಅನ್ನುತ್ತಾಳೆ, ಸೊಸೆಯನ್ನು ಮನೆಗೆ ಸೇರಿಸುವುದಿಲ್ಲ ಅನ್ನುತ್ತಾಳೆ ಎಂದು ಅಂಜಿ ಬಂದವಳು ನಾನು. ಆಕೆ ಕೇಳಿದ್ದು ಒಂದೇ ಒಂದು ಸಾಲಿನ ತಿದ್ದುಪಡಿ. ಪುಸ್ತಕದಲ್ಲಿ ತಪ್ಪು ಉಳಿದರೆ ನಾವು ಒಂದು ಚೀಟಿ ಅಚ್ಚು ಹಾಕಿಸಿ ಒಳಗೆ ಇಡುತ್ತೇವೆ, ಹಾಗೆ ಮಾಡುತ್ತೇನೆ ಅಂದೆ. ನೀಲವ್ವ ತಲೆ ಅಲ್ಲಾಡಿಸಿದಳು.

"ಚೀಟಿ ಬಿದ್ದ ಹೋಗತೈತಿ. ಹಾಳ್ಯಾಗ ಬರೀಬೇಕು. ನೀ ಬರದ್ರ ನಡಿಯೂದಿಲ್ಲ, ಆಕಿನ ಬರೀಬೇಕು. ಹೋಗಿ ಕೇಳ್ರಿ."

ಮಲ್ಲೇಶನನ್ನು ಕರೆದುಕೊಂಡು ಮೂವರೂ ಶಿರೂರಿಗೆ ಹೊರಟೆವು. ಶಶಿಕಲಾ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನಮ್ಮನ್ನು ನೋಡಿ ಎದ್ದವಳು ಕೇಳಿದ್ದು ಒಂದೇ: "ಏನಂದ್ರು?"

ನಾನು ಮೊದಲು ಆ ನಗುವಿನ ಸಾಲಿನ ವಿಷಯ ಹೇಳತೊಡಗಿದೆ. ಹಲ್ಲಿನ ಮಾತು ಬಂದಾಗ ಆಕೆ ನಡುವೆಯೇ ತಡೆದಳು.

"ಹಲ್ಲ? ಇಷ್ಟ ವರ್ಷ ಆದ ಮ್ಯಾಲ ಹಲ್ಲಿನ ಕತಿ ಹೇಳಾಕತ್ತಾರೇನ್ರಿ? ನಾ ಅಲ್ಲೇ ಎದುರಿಗೆ ನಿಂತಿದ್ದೆ, ಅಕ್ಕಾರ. ನಾ ನೋಡೇನಿ."

ಅಷ್ಟು ಹೇಳಿ ಚಹಾ ಮಾಡಲು ಒಳಗೆ ಹೋದಳು. ಮಲ್ಲೇಶ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ. ನನಗೆ ಮತ್ತೆ ಅಂಜಿಕೆ ಹತ್ತಿತು.

ಬಹಳ ಹೊತ್ತಾದರೂ ಚಹಾ ಬರಲಿಲ್ಲ. ಶಶಿಕಲಾ ಬರಿಗೈಯಲ್ಲಿ ಹೊರಗೆ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಕ್ಕಾರ, ಆ ವಾರ ಅವರು ರೊಟ್ಟಿ ಉಣ್ಣಲಿಲ್ರಿ. ನಾನ ನುಚ್ಚು ತೆಳ್ಳಗ ಕುದಿಸಿ ಕೊಟ್ಟೇನಿ. ಸಿಟ್ಟಿಗೆ ಉಣವಲ್ರು ಅನಕೊಂಡಿದ್ದೆ ನಾ."

ಚೌಕಟ್ಟು ಬಿಟ್ಟು ನನ್ನ ಹತ್ತಿರ ಬಂದಳು.

"ಬಾಗಲ ಕಟ್ಟಿದ್ದು?" ಅಂತ ಕೇಳಿದಳು. "ಅದನ್ನೂ ಸುಳ್ಳ ಅಂದ್ರೇನು?"

"ಇಲ್ಲವಾ. ಅದು ಖರೆ, ಅದನ್ನ ತಗೀಬ್ಯಾಡ್ರಿ ಅಂದ್ರು."

ಶಶಿಕಲಾ ಗಂಡನ ಕಡೆ ನೋಡಿದಳು. ಅವನು ಹೌದು ಎಂದು ತಲೆ ಆಡಿಸಿದ. ಆಕೆ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಸಂದರ್ಶನಕ್ಕೆ ಹೋಗಲಾಗದ್ದಕ್ಕೋ, ನುಚ್ಚು ಕುದಿಸಿದ್ದು ನೆನಪಾದದ್ದಕ್ಕೋ ನಾನು ಕೇಳಲಿಲ್ಲ. ತಡೆದದ್ದು ಸುಳ್ಳಾಗಿರಲಿಲ್ಲ, ಆ ಕೆಲಸ ತಿರುಗಿ ಬರುವುದೂ ಇರಲಿಲ್ಲ. ಆದರೆ ಯಾವ ಬಾಗಿಲಿಗೆ ಹೋದರೂ ಎದುರಿಗೆ ನಿಲ್ಲುತ್ತಿದ್ದ ಒಂದು ನಗು ಇನ್ನು ನಿಲ್ಲುವುದಿಲ್ಲ, ಅಷ್ಟಂತೂ ಆಗಿತ್ತು. ಆಕೆ ಅತ್ತು ಮುಗಿಸುವ ತನಕ ಕಾದು ಮಾಸ್ತರು ಮೆಲ್ಲಗೆ, "ಚಹಾ ಆಗ್ಯದೇನವಾ?" ಅಂದರು. ಮೂಗು ಒರೆಸಿಕೊಳ್ಳುತ್ತ ಎದ್ದು ಒಳಗೆ ಹೋಗಿ ತಂದಳು. ಕುದ್ದು ಕುದ್ದು ಕಪ್ಪಾಗಿತ್ತು, ಎಲ್ಲರೂ ಕುಡಿದೆವು. ಅವತ್ತೇ ಗಂಡನ ಸಂಗಡ ಗುಳೇದಗುಡ್ಡಕ್ಕೆ ಹೋದಳು.

ಹೊಸ ಸಾಲು ಬರೆದು ಕಳಿಸಲು ಎರಡು ವಾರ ತೆಗೆದುಕೊಂಡಳು. ನಿಜ ಹೇಳಬೇಕೆಂದರೆ, ನನಗೆ ಹಳೆಯ ಸಾಲು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಪುಸ್ತಕದ ಬಗ್ಗೆ ಬರೆದವರೆಲ್ಲ ಅದನ್ನೇ ಎತ್ತಿ ಹೊಗಳಿದ್ದರು. ಆದರೆ ಶಶಿಕಲಾ ಬರೆದದ್ದು ಓದಿದ ಮೇಲೆ ಸುಮ್ಮನಾದೆ. "ಅತ್ತೆ ಸೆರಗು ಬಾಯಿಗೆ ಹಿಡಿದಳು. ನಕ್ಕಳು ಎಂದು ಇಷ್ಟು ವರ್ಷ ತಿಳಿದಿದ್ದೆ. ಹಿಂದಿನ ದಿನ ಆಕೆಯ ಹಲ್ಲು ಕಿತ್ತಿದ್ದರು. ನಾನೇ ನುಚ್ಚು ಕುದಿಸಿ ಕೊಟ್ಟೆ, ಆದರೂ ಯಾಕೆಂದು ಕೇಳಲಿಲ್ಲ. ಆಕೆಯೂ ಬಾಗಿಲು ಬಿಡಲಿಲ್ಲ." ಮಾಸ್ತರು ಓದಿ ಕೆಂಪು ಪೆನ್ನಿನ ಟೊಪ್ಪಿಗೆ ಮುಚ್ಚಿದರು. ಒಂದು ಗುರುತೂ ಹಾಕಲಿಲ್ಲ.

ಮಾರದೆ ಉಳಿದ ಪ್ರತಿಗಳು ಇದ್ದವಲ್ಲ, ಅವುಗಳ ಗತಿ ಏನು? ಆ ಒಂದು ಹಾಳೆಯನ್ನಷ್ಟೇ ಹೊಸದಾಗಿ ಅಚ್ಚು ಹಾಕಿಸಿದೆ. ಹಳೆಯ ಹಾಳೆಯನ್ನು ಬುಡದಲ್ಲಿ ಒಂದು ಬೆರಳು ಬಿಟ್ಟು ಕತ್ತರಿಸಿ, ಅಲ್ಲಿ ಹೊಸದನ್ನು ಅಂಟಿಸಬೇಕು. ಕೈಕೆಲಸ, ಬೇಸರದ ಕೆಲಸ. ಇಳಕಲ್ಲಿನಲ್ಲೇ ಮಾಡಬಹುದಿತ್ತು. ನೀಲವ್ವ ಒಪ್ಪಲಿಲ್ಲ. ಬಂಡಲುಗಳನ್ನು ಗುಳೇದಗುಡ್ಡಕ್ಕೆ ತರಬೇಕು, ತನ್ನ ಕಣ್ಣಮುಂದೆ ಅಂಟಿಸಬೇಕು ಅಂದಳು.

ಹಾಗೆ ಒಂದು ಭಾನುವಾರ ನಾವು ನಾಲ್ಕು ಜನ ಮಗ್ಗದ ಕುಣಿಯ ಪಕ್ಕ ಚಾಪೆ ಹಾಸಿ ಕೂತೆವು. ಶಶಿಕಲಾ ಕತ್ತರಿಸುವುದು, ನಾನು ಅಂಟು ಹಚ್ಚುವುದು, ಮಾಸ್ತರು ಹೊಸ ಹಾಳೆ ಜೋಡಿಸುವುದು, ನೀಲವ್ವ ಹೆಬ್ಬೆರಳಿನಿಂದ ಒತ್ತಿ ಪಕ್ಕಕ್ಕೆ ಇಡುವುದು. ಅತ್ತೆ ಸೊಸೆ ಹೆಚ್ಚು ಮಾತಾಡಲಿಲ್ಲ. ಕತ್ತರಿ ಕೊಡು, ಬಟ್ಟೆ ಕೊಡು, ಅಷ್ಟೇ. ಶಶಿಕಲಾ ಕತ್ತರಿಸಿದ ಹಳೆಯ ಹಾಳೆಗಳಲ್ಲಿ ಒಂದನ್ನು ಮಡಚಿ ತನ್ನ ಹತ್ತಿರ ಇಟ್ಟುಕೊಂಡಳು. ನೀಲವ್ವ ನೋಡಿದಳು. "ಇಟಗೋ" ಅಂದಳು, ಮುಂದಿನ ಪುಸ್ತಕ ಒತ್ತಿದಳು.

ಕೆಲಸ ಮುಗಿಯುತ್ತ ಬಂದಾಗ ಮಾಸ್ತರು ಹುಡುಕಾಟ ಶುರು ಮಾಡಿದರು. "ಒಂದು ಹಾಳಿ ಕಮ್ಮಿ ಬಿದ್ದದ. ಇಲ್ಲೇ ಇತ್ತು" ಅಂದರು. ಚಾಪೆ ಎತ್ತಿ ನೋಡಿದರು, ಬಂಡಲಿನ ಕೆಳಗೆ ನೋಡಿದರು, ಕುಣಿಯೊಳಗೆ ಬಗ್ಗಿ ನೋಡಿದರು. ಬಗ್ಗಿದಾಗ ನಮಗೆಲ್ಲ ಕಾಣಿಸಿತು. ಹಾಳೆ ಅವರ ಮೊಳಕೈಗೆ ಅಂಟಿಕೊಂಡು ಬಾವುಟದಂತೆ ಹಾರಾಡುತ್ತಿತ್ತು. ಅವರು ಕೈ ಆಡಿಸಿದ ಕಡೆಗೆಲ್ಲ ಅದೂ ಹೋಗುತ್ತಿತ್ತು.

ನೀಲವ್ವ ನಕ್ಕಳು. ತಲೆ ಹಿಂದಕ್ಕೆ ಚೆಲ್ಲಿ, ಎರಡೂ ಕೈ ತೊಡೆಯ ಮೇಲೆ ಬಡಿದು, ಖಾಲಿ ಹಲ್ಲಿನ ಜಾಗ ಕಾಣುವ ಹಾಗೆ ಬಾಯಿ ತೆರೆದು ನಕ್ಕಳು. ಮಾಸ್ತರೂ ಮೊಳಕೈ ನೋಡಿಕೊಂಡು ನಗತೊಡಗಿದರು. ಶಶಿಕಲಾ ಮಾತ್ರ ಕತ್ತರಿ ಕೆಳಗಿಟ್ಟು ಅತ್ತೆಯನ್ನೇ ನೋಡುತ್ತಿದ್ದಳು.

"ಅತ್ತಿ ನಗೂದು ಹಿಂಗ್ರಿ, ಅಕ್ಕಾರ," ಅಂದಳು ನನಗೆ. "ಬಾಯಿ ಮುಚ್ಚಿ ನಕ್ಕದ್ದು ಒಮ್ಮಿನೂ ನೋಡಿಲ್ಲ ನಾ. ಅವತ್ತ ಯಾಕ ಹೊಳೀಲಿಲ್ಲೋ."

ನೀಲವ್ವ ನಗು ನಿಲ್ಲಿಸಿ ಕಣ್ಣು ಒರೆಸಿಕೊಂಡಳು. ಸೊಸೆ ಕೆಳಗಿಟ್ಟ ಕತ್ತರಿ ತೆಗೆದುಕೊಂಡು, "ನಿನ್ನ ಕೈ ನೋಯ್ತಿರಬೇಕು, ಒತ್ತ ನೀ. ನಾ ಕತ್ತರಸ್ತೇನಿ" ಅಂದಳು.

ಸಂಜೆಯ ಬಸ್ಸಿಗೆ ನಾವು ಹೊರಟೆವು. ಕಮತಗಿ ಬರುವಷ್ಟರಲ್ಲಿ ಮಾಸ್ತರಿಗೆ ನಿದ್ದೆ ಹತ್ತಿತ್ತು. ಫೋನು ಬಂತು, ಮಲ್ಲೇಶನದು. ಮತ್ತೇನಾಯಿತೋ ಎಂದು ಅವಸರದಿಂದ ಎತ್ತಿಕೊಂಡೆ.

"ಏನಾತಪಾ?"

"ಏನಿಲ್ರಿ ಅಕ್ಕಾರ. ನೀವು ಹೋಗೂದ ತಡ, ಅವ್ವ ಹೊಸ ಹಾಳಿ ಅಂಟಿಸಿದ್ದು ಒಂದ ಪುಸ್ತಕ ತಗೊಂಡ ನಳದ ಕಡೆ ಹೋಗ್ಯಾಳ್ರಿ. ಶಶಿನ್ನೂ ಸಂಗಟ ಕರಕೊಂಡ ಹೋಗ್ಯಾಳ."

"ಶಶಿನ್ನ ಯಾಕ?"

"ಓದಾಕ್ರಿ."

ಮಾಸ್ತರನ್ನು ಎಬ್ಬಿಸಿ ಹೇಳಿದೆ. ಅವರು ಕಣ್ಣು ತೆರೆಯದೆ ಕೇಳಿಸಿಕೊಂಡು, "ಓದಲಿ" ಅಂದು ಕಿಟಕಿಗೆ ತಲೆ ಒರಗಿಸಿದರು.